ಒರ್ದು: ನಡೆಯುವ ರಾಜಧಾನಿ

ಒಂದೇ ಶಬ್ದವು ಒಂದು ದೇಶದಲ್ಲಿ ಅರಮನೆಯೆಂದೂ, ಇನ್ನೊಂದರಲ್ಲಿ ಸೈನ್ಯವೆಂದೂ, ಮತ್ತೊಂದರಲ್ಲಿ ಭಾಷೆಯೆಂದೂ, ಮಗುದೊಂದರಲ್ಲಿ ಕಟ್ಟುಕಟ್ಟಳೆಯಿಲ್ಲದ ಜನಜಂಗುಳಿಯೆಂದೂ ಅರ್ಥವನ್ನು ಪಡೆಯುವುದು ಅಪೂರ್ವವಾದ ಸಂಗತಿ. ತುರ್ಕರ 'ಒರ್ದು' ಎಂಬ ಶಬ್ದಕ್ಕೆ ಈ ಯೋಗ ಒದಗಿದೆ. ಮಂಗೋಲರಲ್ಲಿ ಇದು 'ಒರ್ದೊ'. ಅರಸನ ಬೀಡು, ಅರಮನೆ ಎಂದು ಅದರ ಅರ್ಥ. ಇಂದಿನ ತುರ್ಕಿಯಲ್ಲಿ ಇದಕ್ಕೆ ಸೈನ್ಯವೆಂದರ್ಥ. ಹಿಂದೂಸ್ಥಾನದಲ್ಲಿ ಇದೇ ಶಬ್ದವು ಉರ್ದು ಭಾಷೆಯ ಹೆಸರಾಗಿ ನಿಂತಿತು. ರಷ್ಯದವರ ಬಾಯಲ್ಲಿ 'ಓರ್ದಾ' ಆಗಿ, ಪೋಲೆಂಡಿನಲ್ಲಿ ಹಕಾರವನ್ನು ಸೇರಿಸಿಕೊಂಡು, ಇಂಗ್ಲಿಷರ ಬಳಿಗೆ 'ಹೋರ್ಡ್' ಎಂಬ ರೂಪದಲ್ಲಿ ಬರುವ ಹೊತ್ತಿಗೆ, ಅರಮನೆಯೂ ಅರಸನೂ ಅದರಿಂದ ಮಾಯವಾಗಿ, ಮಿಡತೆಯ ಹಿಂಡಿನಂತೆ ಮುತ್ತುವ ಕ್ರೂರಜನರ ಗುಂಪು ಎಂಬ ಅರ್ಥವೊಂದೇ ಉಳಿಯಿತು.

ಶಬ್ದಗಳ ಈ ಏರಿಳಿತವು ವೈಯಾಕರಣರ ವಿನೋದಕ್ಕೆ ಮಾತ್ರ ಸೇರಿದ ವಿಷಯವಲ್ಲ. ತುರ್ಕರೂ ಮಂಗೋಲರೂ ಮಧ್ಯಯುಗದಲ್ಲಿ ಚೀನದಿಂದ ಹಂಗರಿಯವರೆಗಿನ ಭೂಮಿಯನ್ನು ತಲ್ಲಣಗೊಳಿಸಿದರು. ಅವರನ್ನು ಹೇಗೆ ತಿಳಿಯಬೇಕು, ಅವರು ಮಾಡಿದ ಒಳಿತು ಕೆಡುಕುಗಳಿಗೆ ಯಾವ ತೂಕವನ್ನು ಕಟ್ಟಬೇಕು ಎಂಬ ಪ್ರಶ್ನೆಯು ಈ ಒಂದು ಶಬ್ದದ ಅರ್ಥನಿರ್ಣಯವನ್ನು ಅವಲಂಬಿಸಿದೆ. ಒರ್ದುವೆಂಬುದು ಗುಂಪೋ, ವ್ಯವಸ್ಥೆಯೋ?

ಕನ್ನಡಿಗರಿಗೆ ಇದರ ಮೂಲಾರ್ಥವನ್ನು ಗ್ರಹಿಸುವುದು ಕಷ್ಟವಲ್ಲ. ನಮ್ಮ ಶಾಸನಗಳಲ್ಲಿ ಅರಸರು 'ನೆಲೆವೀಡಿ'ನಲ್ಲಿದ್ದು ರಾಜ್ಯವಾಳುತ್ತಿದ್ದರೆಂದು ಹೇಳಿದೆ. ಸಂಸ್ಕೃತ ತಾಮ್ರಪಟಗಳಲ್ಲಿ 'ಸ್ಕಂಧಾವಾರ'ವೆಂಬ ಮಾತು ಬರುತ್ತದೆ. 'ಬೀಡು' ಎಂದರೆ ದಂಡು ಬಿಟ್ಟ ಸ್ಥಳವೂ ಹೌದು, ಅರಸನ ಮನೆಯೂ ಹೌದು. ಅರಸನು ಎಲ್ಲಿ ಇಳಿದನೋ ಅದೇ ರಾಜಧಾನಿ ಎಂಬ ಭಾವನೆ ಈ ದೇಶಕ್ಕೂ ಹೊಸದಲ್ಲ. ಭೇದವಿಷ್ಟೆ: ಇಲ್ಲಿಯ ಅರಸರು ಬೀಡಿನಿಂದ ಮರಳಿ ಕೋಟೆಗೆ ಬರುತ್ತಿದ್ದರು, ಒರ್ದುವಿನ ಅರಸನಿಗೆ ಮರಳಬೇಕಾದ ಕೋಟೆಯೇ ಇರಲಿಲ್ಲ.

ಒರ್ದು ಶಬ್ದವು ತುರ್ಕರ ಬಾಯಿಂದಲೇ ಕೇಳಿಬರುವ ಅತಿ ಪ್ರಾಚೀನ ಸ್ಥಳಗಳಲ್ಲಿ ಮಂಗೋಲಿಯದ ಓರ್ಖೋನ್ ನದಿಯ ಕಣಿವೆಯೊಂದು. ಅಲ್ಲಿ ಬಿಲ್ಗೆ ಕಗಾನನೆಂಬ ತುರ್ಕರ ದೊರೆಯು, 731 ರಲ್ಲಿ ಮಡಿದ ತನ್ನ ತಮ್ಮನಾದ ಕೂಲ್ ತೆಗಿನನ ಸ್ಮಾರಕವಾಗಿ 732 ರಲ್ಲಿ ಒಂದು ಶಿಲಾಶಾಸನವನ್ನು ನಿಲ್ಲಿಸಿದನು. ಅದರ ಲಿಪಿಯನ್ನು ಬಹುಕಾಲದವರೆಗೆ ಯಾರೂ ಓದಲಾರದೆ, ಕಡೆಗೆ 1893 ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸೆನ್ ಎಂಬ ವಿದ್ವಾಂಸರು ಬಿಡಿಸಿದರು. ಒಗುಜರೆಂಬ ಶತ್ರುಗಳು ಒರ್ದುವಿನ ಮೇಲೆ ಬಿದ್ದಾಗ ಕೂಲ್ ತೆಗಿನನು ಬಿಳಿಯ ಕುದುರೆಯನ್ನೇರಿ ಒಂಬತ್ತು ಮಂದಿಯನ್ನು ಇರಿದು ಅದನ್ನು ಬಿಟ್ಟುಕೊಡದೆ ಕಾದನೆಂದು ಅದರಲ್ಲಿ ಹೇಳಿದೆ. ಅವನಿಲ್ಲದಿದ್ದರೆ ತಾಯಿ, ಮಲತಾಯಂದಿರು, ಅತ್ತೆಯರು, ಸೊಸೆಯರು ಎಲ್ಲರೂ ದಾಸಿಯರಾಗುತ್ತಿದ್ದರು, ಇಲ್ಲವೆ ದಾರಿಯಲ್ಲಿ ಹೆಣವಾಗುತ್ತಿದ್ದರು ಎಂದು ಅಣ್ಣನು ಕೃತಜ್ಞತೆಯಿಂದ ನೆನೆಯುತ್ತಾನೆ. ಇಲ್ಲಿ ಒರ್ದುವೆಂದರೆ ದಾಳಿಮಾಡುವ ದಂಡಲ್ಲ; ದಾಳಿಗೆ ಒಳಗಾದ ಮನೆ.

ಆ ಕಾಲದ ತುರ್ಕರಲ್ಲಿ ತೊನ್ಯುಕುಕನೆಂಬ ವೃದ್ಧಮಂತ್ರಿಯೊಬ್ಬನಿದ್ದನು. ಬಿಲ್ಗೆ ಕಗಾನನು ಗೋಡೆಕಟ್ಟಿದ ಪಟ್ಟಣವನ್ನೂ ದೇವಾಲಯಗಳನ್ನೂ ನಿರ್ಮಿಸಬೇಕೆಂದು ಬಯಸಿದಾಗ ಈ ಮಂತ್ರಿಯು ತಡೆದನೆಂದು ಚೀನದ ಚರಿತ್ರಕಾರರು ಬರೆದಿಟ್ಟಿದ್ದಾರೆ. ಅವನ ತರ್ಕವು ಸ್ಪಷ್ಟವಾದುದು: ತುರ್ಕರು ಚೀನೀಯರ ನೂರರಲ್ಲಿ ಒಂದು ಪಾಲೂ ಇಲ್ಲ, ಹುಲ್ಲು ನೀರುಗಳನ್ನು ಅನುಸರಿಸಿ ನಡೆಯುವುದರಿಂದಲೇ ಅವರು ಇಷ್ಟು ಕಾಲ ಉಳಿದಿದ್ದಾರೆ, ಬಲವಿದ್ದಾಗ ಮುನ್ನುಗ್ಗಬಹುದು, ಇಲ್ಲದಾಗ ಬೆಟ್ಟ ಕಾಡುಗಳಲ್ಲಿ ಮರೆಯಾಗಬಹುದು, ಗೋಡೆಯೊಳಗೆ ಸೇರಿದರೆ ಒಂದು ಸೋಲಿನಲ್ಲಿ ಸರ್ವಸ್ವವೂ ಹೋಗುವುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಫಲ ಕಾಣುವುದು.

ಅಲೆಮಾರಿಗಳು ಎಂದೊಡನೆ ಗುರಿಯಿಲ್ಲದೆ ತಿರುಗುವವರೆಂಬ ಭಾವನೆ ಮನಸ್ಸಿಗೆ ಬರುವುದು ಸಹಜ. ವಸ್ತುಸ್ಥಿತಿ ಬೇರೆ. ಮಂಗೋಲಿಯದಿಂದ ಕಪ್ಪುಸಮುದ್ರದ ಉತ್ತರತೀರದವರೆಗೆ ಹಬ್ಬಿರುವ ಹುಲ್ಲಿನ ಬಯಲುಗಳ ಬಹುಭಾಗದಲ್ಲಿ ಮಳೆ ಕಡಮೆ, ಚಳಿ ಘೋರ. ಉತ್ತುಬಿತ್ತಿ ಬಾಳುವುದು ದುಸ್ಸಾಧ್ಯ. ಕುದುರೆ, ದನ, ಒಂಟೆ, ಕುರಿ, ಆಡು ಎಂಬ ಐದು ಬಗೆಯ ಪಶುಗಳು ಹುಲ್ಲನ್ನು ಹಾಲನ್ನಾಗಿಯೂ ಉಣ್ಣೆಯನ್ನಾಗಿಯೂ ಮಾಂಸವನ್ನಾಗಿಯೂ ಪರಿವರ್ತಿಸಿಕೊಡುತ್ತವೆ. ಒಂದೇ ಕಡೆ ನಿಂತರೆ ಹುಲ್ಲು ತೀರಿ ಪಶುವೂ ಮನುಷ್ಯನೂ ಸಾಯುವರು. ಆದುದರಿಂದ ಚಳಿಗಾಲಕ್ಕೊಂದು, ಬೇಸಗೆಗೊಂದು ಎಂದು ನೆಲೆಗಳು ಗೊತ್ತಾಗಿದ್ದುವು. ಫ್ರಾನ್ಸಿನ ದೊರೆಯಾದ ಒಂಬತ್ತನೆಯ ಲೂಯಿಯ ಪತ್ರವನ್ನು ಹೊತ್ತು 1253 ರಲ್ಲಿ ಈ ಬಯಲನ್ನು ಹೊಕ್ಕ ರುಬ್ರುಕಿನ ವಿಲಿಯಮನೆಂಬ ಕ್ರೈಸ್ತ ಸಂನ್ಯಾಸಿಯು ಇದನ್ನು ಚೆನ್ನಾಗಿ ಗಮನಿಸಿದನು. ಪ್ರತಿಯೊಬ್ಬ ನಾಯಕನೂ ತನ್ನ ಕೈಕೆಳಗಿನ ಜನರ ಸಂಖ್ಯೆಗೆ ತಕ್ಕಂತೆ ತನ್ನ ಹುಲ್ಲುಗಾವಲಿನ ಎಲ್ಲೆಯನ್ನೂ, ಯಾವ ಋತುವಿನಲ್ಲಿ ಎಲ್ಲಿ ಮೇಯಿಸಬೇಕೆಂಬುದನ್ನೂ ಅರಿತಿದ್ದನೆಂದು ಆತನು ಬರೆದಿದ್ದಾನೆ. ಗುಂಪಿಗೆ ಎಲ್ಲೆಯಿರುವುದಿಲ್ಲ, ಇವರಿಗೆ ಇದ್ದಿತು.

ಅವರ ಮನೆಯ ರಚನೆಯೂ ವಿಚಾರಾರ್ಹವಾದುದು. ಮರದ ಸಲಾಕೆಗಳನ್ನು ಜಾಲಂದರದಂತೆ ಹೆಣೆದು ದುಂಡಗೆ ನಿಲ್ಲಿಸಿ, ಉಣ್ಣೆಯನ್ನು ನೆನೆಯಿಸಿ ಒತ್ತಿ ಮಾಡಿದ ದಪ್ಪ ಕಂಬಳಿಯನ್ನು ಅದಕ್ಕೆ ಹೊದಿಸುತ್ತಿದ್ದರು. ಸಾಮಾನ್ಯರ ಗುಡಾರಗಳನ್ನು ಬಿಚ್ಚಿ ಕಟ್ಟುವುದುಂಟು. ದೊಡ್ಡವರ ಮನೆಗಳನ್ನಾದರೋ ಬಿಚ್ಚದೆಯೇ ಬಂಡಿಯ ಮೇಲೆ ಒಯ್ಯುತ್ತಿದ್ದರು. ಅಂತಹ ಒಂದು ಬಂಡಿಯ ಎರಡು ಗಾಲಿಯ ಜಾಡುಗಳ ನಡುವಣ ಅಂತರವನ್ನು ವಿಲಿಯಮನು ಅಳೆದು ನೋಡಿದಾಗ ಅದು ಇಪ್ಪತ್ತು ಅಡಿಯಿದ್ದಿತು. ಒಂದು ಮನೆಯನ್ನು ಎಳೆಯುತ್ತಿದ್ದ ಎತ್ತುಗಳು ಸಾಲಿಗೆ ಹನ್ನೊಂದರಂತೆ ಇಪ್ಪತ್ತೆರಡು; ಬಂಡಿಯ ಅಚ್ಚು ಹಡಗಿನ ಕೂವೆಮರದಷ್ಟು ದಪ್ಪ. ಇಳಿದ ಮೇಲೆ ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ಯಜಮಾನನ ಆಸನ ಉತ್ತರದಲ್ಲಿ. ಹೆಂಗಸರು ಪೂರ್ವಭಾಗದಲ್ಲಿ, ಗಂಡಸರು ಪಶ್ಚಿಮಭಾಗದಲ್ಲಿ. ಹಿರಿಯ ಹೆಂಡತಿಯ ಮನೆ ಪಶ್ಚಿಮದ ಕೊನೆಗೆ, ಉಳಿದವರ ಮನೆಗಳು ಅನುಕ್ರಮವಾಗಿ ಪೂರ್ವಕ್ಕೆ. ಹೀಗೆ ನೆಲ ದಿನದಿನಕ್ಕೂ ಬದಲಾದರೂ ಮನೆಯೊಳಗಿನ ದಿಕ್ಕು ಬದಲಾಗುತ್ತಿರಲಿಲ್ಲ.

ವೋಲ್ಗಾ ನದಿಯ ತೀರದಲ್ಲಿ ಬಾತು ಖಾನನ ಒರ್ದುವನ್ನು ಕಂಡಾಗ ವಿಲಿಯಮನು ಬೆರಗಾದನು. ಒಂದು ಮಹಾನಗರವು ಬಯಲಿನಲ್ಲಿ ಉದ್ದುದ್ದವಾಗಿ ಹರಡಿದಂತೆ ಅದು ಕಂಡಿತು. ಖಾನನಿಗೆ ಇಪ್ಪತ್ತಾರು ಮಂದಿ ಪತ್ನಿಯರು. ಒಬ್ಬೊಬ್ಬಳ ಮನೆಗೂ ಸುಮಾರು ಇನ್ನೂರು ಬಂಡಿಗಳು. ಖಾನನ ಬಿಡಾರದ ಬಾಗಿಲ ಎದುರಿಗೆ ದಕ್ಷಿಣದಲ್ಲಿ ಯಾರೂ ಇಳಿಯಬಾರದು. ಎಡಬಲಗಳಲ್ಲಿ ಯಾರ ಸ್ಥಾನ ಎಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಅರಸನು ಸದಾ ತನ್ನ ಜನರ ನಡುವೆ ಇರುವುದರಿಂದ ಇದಕ್ಕೆ 'ನಡು' ಎಂಬರ್ಥದ ಒರ್ದಾ ಎಂಬ ಹೆಸರು ಬಂದಿತೆಂದು ಆ ಸಂನ್ಯಾಸಿಯು ತಿಳಿದನು. ತುರ್ಕೀ ಭಾಷೆಯಲ್ಲಿ 'ನಡು' ಎಂಬುದಕ್ಕೆ 'ಒರ್ತಾ' ಎಂಬ ಬೇರೆ ಶಬ್ದವಿರುವುದರಿಂದ ಆತನ ನಿರುಕ್ತಿ ತಪ್ಪು. ಆದರೂ ನಮ್ಮ ಪೂರ್ವಿಕರ ಅನೇಕ ನಿರುಕ್ತಿಗಳಂತೆ, ಶಬ್ದದಲ್ಲಿ ತಪ್ಪಿದ್ದರೂ ಅರ್ಥದಲ್ಲಿ ಸತ್ಯವನ್ನು ಮುಟ್ಟಿದೆ. ನೆಲದ ಮೇಲೆ ಕೇಂದ್ರವಿಲ್ಲದ ಜನರಿಗೆ ಒರ್ದುವೇ ಕೇಂದ್ರ.

ಈ ವ್ಯವಸ್ಥೆಯಲ್ಲಿ ಹೆಂಗಸರ ಕೈ ದೊಡ್ಡದು. ಬಂಡಿ ಹೊಡೆಯುವುದು, ಮನೆಯನ್ನು ಬಂಡಿಯಿಂದ ಇಳಿಸುವುದು, ಏರಿಸುವುದು ಅವರ ಕೆಲಸ. ಒಂದಕ್ಕೊಂದು ಬಿಗಿದ ಇಪ್ಪತ್ತು ಮೂವತ್ತು ಬಂಡಿಗಳನ್ನು ಒಬ್ಬಳೇ ನಡೆಸುತ್ತಿದ್ದಳು. ಅರಸನ ಪ್ರಧಾನ ಪತ್ನಿಯರಿಗೆ ಪ್ರತ್ಯೇಕ ಒರ್ದುಗಳಿದ್ದು, ಪರಿವಾರವೂ ಪಶುಸಂಪತ್ತೂ ಅವರ ವಶದಲ್ಲಿದ್ದುವು. ಓಗದಾಯಿ ಖಾನನು 1241 ರಲ್ಲಿ ಸತ್ತಮೇಲೆ ಅವನ ಪತ್ನಿ ತೊರೆಗೆನೆಯು 1246 ರವರೆಗೆ ಆ ವಿಶಾಲ ಸಾಮ್ರಾಜ್ಯವನ್ನು ಆಳಿದುದು ಈ ಸಂಪ್ರದಾಯದ ಬಲದಿಂದಲೇ.

ಇಂತಹ ಒರ್ದುಗಳು ಬಯಲಿನಲ್ಲಿ ಹಲವಿದ್ದು, ಕುಲಕುಲಗಳೊಳಗೆ ಹಗೆತನವಿದ್ದಷ್ಟು ಕಾಲವೂ ನೆರೆಯ ರಾಜ್ಯಗಳಿಗೆ ದೊಡ್ಡ ಅಪಾಯವಿರಲಿಲ್ಲ. 1206 ರಲ್ಲಿ ಓನಾನ್ ನದಿಯ ಮೂಲದಲ್ಲಿ ನೆರೆದ ಮಹಾಸಭೆಯು ತೆಮೂಜಿನನಿಗೆ ಚೆಂಗಿಸ್ ಖಾನನೆಂಬ ಬಿರುದನ್ನಿತ್ತ ಮೇಲೆ ಈ ಸ್ಥಿತಿ ಬದಲಾಯಿತು. ಆತನು ಜನವನ್ನೆಲ್ಲ ಹತ್ತು, ನೂರು, ಸಾವಿರ, ಹತ್ತುಸಾವಿರ ಎಂಬ ಗಣನೆಯಲ್ಲಿ ವಿಂಗಡಿಸಿದನು. ಸೋತ ಕುಲಗಳನ್ನು ಒಡೆದು ಬೇರೆ ಬೇರೆ ಸಾವಿರಗಳಲ್ಲಿ ಹಂಚಿದನು. ಒಬ್ಬನು ತನ್ನ ಹತ್ತನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಮರಣದಂಡನೆ. 'ಮಂಗೋಲರ ಗೋಪ್ಯ ಚರಿತ್ರೆ'ಯೆಂಬ ಅವರದೇ ಗ್ರಂಥದಲ್ಲಿ ಆ ವರ್ಷದ ಸಾಹಸ್ರನಾಯಕರ ಲೆಕ್ಕ ತೊಂಬತ್ತೈದು. ಖಾನನ ಮೈಗಾವಲಿನ ಪಡೆ ಹತ್ತು ಸಾವಿರ. ಈ ಕಾವಲುಪಡೆಯೇ ಒರ್ದುವಿನ ಪಾಕಶಾಲೆ, ಲಾಯ, ಭಂಡಾರಗಳನ್ನು ನೋಡಿಕೊಳ್ಳುತ್ತ ಕ್ರಮೇಣ ರಾಜ್ಯದ ಆಡಳಿತವರ್ಗವಾಯಿತು. ಉಯಿಗುರ ಜನದ ತಾತಾತುಂಗನೆಂಬ ಲಿಪಿಕಾರನು 1204 ರಲ್ಲಿ ಸೆರೆಸಿಕ್ಕಿದಾಗ, ಓದುಬರಹ ತಿಳಿಯದ ಖಾನನು ಆತನನ್ನು ಕೊಲ್ಲಿಸದೆ ತನ್ನ ಮಕ್ಕಳಿಗೆ ಉಪಾಧ್ಯಾಯನನ್ನಾಗಿ ನೇಮಿಸಿದನು. ಮೇಲಿನಿಂದ ಕೆಳಕ್ಕೆ ಬರೆಯುವ ಆ ಲಿಪಿಯು ಚೀನದ ಮಂಗೋಲರಲ್ಲಿ ಇಂದಿಗೂ ಬಳಕೆಯಲ್ಲಿದೆ.

ಅನಂತರದ ಖಾನರು ದೂರದೂರದವರೆಗೆ ಅಂಚೆಯ ಠಾಣ್ಯಗಳನ್ನು ಸ್ಥಾಪಿಸಿ ಕುದುರೆಗಳನ್ನು ಸಿದ್ಧವಾಗಿಡಿಸಿದರು. ಜನಗಣತಿಯನ್ನು ಮಾಡಿಸಿ ತೆರಿಗೆಯನ್ನು ಗೊತ್ತುಪಡಿಸಿದರು. ಉತ್ತರ ಚೀನದ ರೈತರಿಂದ ಪ್ರಯೋಜನವಿಲ್ಲ, ಆ ಭೂಮಿಯನ್ನೆಲ್ಲ ಹುಲ್ಲುಗಾವಲು ಮಾಡಬೇಕೆಂದು ಕೆಲವರು ಸೂಚಿಸಿದಾಗ, ಯೇಲೂ ಚೂತ್ಸಾಯ್ ಎಂಬ ಮಂತ್ರಿಯು ರೈತನು ಬದುಕಿದ್ದರೆ ಎಷ್ಟು ಬೆಳ್ಳಿ, ಎಷ್ಟು ರೇಷ್ಮೆ, ಎಷ್ಟು ಧಾನ್ಯ ಬರುವುದೆಂದು ಲೆಕ್ಕಹಾಕಿ ತೋರಿಸಿ ಆ ಅನರ್ಥವನ್ನು ತಪ್ಪಿಸಿದನು. 1235 ರಲ್ಲಿ ಓಗದಾಯಿಯು ಕರಾಕೋರಂ ಪಟ್ಟಣಕ್ಕೆ ಗೋಡೆ ಕಟ್ಟಿಸಿದನು. ವಿಲಿಯಮನು ಅಲ್ಲಿಗೆ ಹೋದಾಗ ಹನ್ನೆರಡು ವಿಗ್ರಹಾಲಯಗಳೂ ಎರಡು ಮಸೀದಿಗಳೂ ಒಂದು ಇಗರ್ಜಿಯೂ ಇದ್ದುವು. ಮತದ ಹೆಸರಿನಲ್ಲಿ ಯಾರನ್ನೂ ಪೀಡಿಸದಿರುವುದು ಆ ಕಾಲದ ಯೂರೋಪಿನಲ್ಲಿ ಕಾಣದ ಗುಣ.

ದೈವವೂ ಅನುಕೂಲಿಸಿತು. ಮಂಗೋಲಿಯದ ಹಳೆಯ ಮರಗಳ ವಾರ್ಷಿಕ ಬಳೆಗಳನ್ನು ಪರೀಕ್ಷಿಸಿ 2014 ರಲ್ಲಿ ಪ್ರಕಟವಾದ ಸಂಶೋಧನೆಯಿಂದ, 1211 ರಿಂದ 1225 ರವರೆಗೆ ಆ ಪ್ರಾಂತ್ಯದಲ್ಲಿ ಅಸಾಧಾರಣವಾಗಿ ಒಳ್ಳೆಯ ಮಳೆಯಾಯಿತೆಂದು ತಿಳಿದುಬಂದಿದೆ. ಹುಲ್ಲು ಬೆಳೆದರೆ ಕುದುರೆ ಬೆಳೆಯುವುದು; ಕುದುರೆ ಬೆಳೆದರೆ ಸೈನ್ಯ ಬೆಳೆಯುವುದು. ಆದರೆ ಮಳೆಯು ಬಲವನ್ನು ಕೊಡಬಲ್ಲುದೇ ಹೊರತು ಅದನ್ನು ಹೇಗೆ ಬಳಸಬೇಕೆಂದು ಹೇಳಲಾರದು.

ಬಳಸಿದ ಬಗೆಯನ್ನು ಮುಚ್ಚಿಡುವುದು ಚರಿತ್ರೆಗೆ ದ್ರೋಹ. 1218 ರಲ್ಲಿ ಒತ್ರಾರಿನ ಅಧಿಕಾರಿಯು ಮಂಗೋಲರ ವರ್ತಕಸಮೂಹವನ್ನು ಕೊಲ್ಲಿಸಿದನು. ಅವನ ಒಡೆಯನಾದ ಖ್ವಾರಜ್ಮದ ಶಹನು ವಿಚಾರಿಸಲು ಬಂದ ದೂತನನ್ನೂ ಕೊಲ್ಲಿಸಿದನು. ದೂತವಧೆಯು ಎಲ್ಲ ಧರ್ಮಶಾಸ್ತ್ರಗಳಲ್ಲಿಯೂ ನಿಂದ್ಯ. ಆದರೆ ಅದಕ್ಕೆ ಬಂದ ಪ್ರತೀಕಾರಕ್ಕೆ ಯಾವ ಶಾಸ್ತ್ರವೂ ಸಮ್ಮತಿಯನ್ನು ಕೊಡಲಾರದು. 1220 ರಲ್ಲಿ ಬುಖಾರ, ಸಮರಖಂಡಗಳೂ, 1221 ರಲ್ಲಿ ಮರ್ವ, ನಿಶಾಪುರಗಳೂ ಬಿದ್ದುವು. ಮರ್ವದಲ್ಲಿ ಹದಿಮೂರು ಲಕ್ಷ ಹೆಣಗಳನ್ನು ಎಣಿಸಿದರೆಂದು ಪಾರಸೀಕ ಚರಿತ್ರಕಾರನಾದ ಜುವೈನೀ ಬರೆಯುತ್ತಾನೆ. ಅಷ್ಟು ಜನ ಆ ನಗರದಲ್ಲಿರುವುದು ಅಸಂಭವವೆಂದು ಇಂದಿನ ಇತಿಹಾಸಜ್ಞರು ಹೇಳುತ್ತಾರೆ. ಸಂಖ್ಯೆಯನ್ನು ಎಷ್ಟು ಕಡಮೆಮಾಡಿದರೂ ಕೃತ್ಯದ ಸ್ವರೂಪ ಕಡಮೆಯಾಗದು. ಜನರನ್ನು ಊರಹೊರಕ್ಕೆ ಹೊರಡಿಸಿ, ನೇಯುವವರು, ಕಮ್ಮಾರರು ಮೊದಲಾದ ಕುಶಲಕರ್ಮಿಗಳನ್ನು ಬೇರ್ಪಡಿಸಿ, ಉಳಿದವರನ್ನು ಸೈನಿಕನಿಗೆ ಇಷ್ಟು ತಲೆಯೆಂದು ಹಂಚಿಕೊಟ್ಟರು. 1258 ರಲ್ಲಿ ಬಾಗದಾದು ನಗರಕ್ಕೂ ಘೋರವಾದ ಕೊಲೆ ಸುಲಿಗೆಗಳು ಒದಗಿ, ಅಲ್ಲಿಯ ಖಲೀಫನೂ ಹತನಾದನು.

ಇಲ್ಲಿಯೇ ಒರ್ದು ಶಬ್ದದ ಅರ್ಥನಿರ್ಣಯದ ಮಹತ್ತ್ವವು ತೋರುವುದು. ಮಂಗೋಲರನ್ನು ಪ್ರವಾಹಕ್ಕೂ ಮಿಡತೆಗೂ ಕಾಳ್ಗಿಚ್ಚಿಗೂ ಹೋಲಿಸುವುದು ಗ್ರಂಥಕರ್ತರ ವಾಡಿಕೆ. ಈ ಹೋಲಿಕೆಯು ಅವರಿಗೆ ಅವಮಾನವನ್ನು ಮಾಡುವಂತೆ ಕಂಡರೂ ನಿಜವಾಗಿ ಅವರನ್ನು ದೋಷದಿಂದ ಬಿಡುಗಡೆ ಮಾಡುತ್ತದೆ. ಪ್ರವಾಹಕ್ಕೆ ಪಾಪವಿಲ್ಲ, ಮಿಡತೆಗೆ ಧರ್ಮಾಧರ್ಮವಿಲ್ಲ. ಮರ್ವದ ಹೊರಗಿನ ಬಯಲಿನಲ್ಲಿ ಕಮ್ಮಾರನನ್ನು ಈ ಕಡೆಗೂ ಅವನ ನೆರೆಯವನನ್ನು ಆ ಕಡೆಗೂ ನಿಲ್ಲಿಸಿದ ಕೈಯು ಉನ್ಮತ್ತರ ಕೈಯಲ್ಲ. ಬಿಡಾರದಲ್ಲಿ ಪ್ರತಿಯೊಬ್ಬನ ಸ್ಥಾನವನ್ನು ಗೊತ್ತುಮಾಡಿದ, ಹತ್ತು ನೂರುಗಳನ್ನು ಎಣಿಸಿದ ಅದೇ ಕೈ. ಒರ್ದು ಗುಂಪಾಗಿದ್ದರೆ ಅದಕ್ಕೆ ಸ್ತುತಿಯೂ ಸಲ್ಲದು, ನಿಂದೆಯೂ ಸಲ್ಲದು. ಅದು ವ್ಯವಸ್ಥೆಯಾದುದರಿಂದಲೇ ಎರಡೂ ಸಲ್ಲುತ್ತವೆ. ಕ್ರಮವೂ ಕರುಣೆಯೂ ಒಂದೇ ಅಲ್ಲವೆಂಬುದನ್ನು ಕಲಿಯಲು ಇದಕ್ಕಿಂತ ಕಠಿನವಾದ ಪಾಠವಿಲ್ಲ.

ಚೆಂಗಿಸ್ ಖಾನನ ಮೊಮ್ಮಗನಾದ ಬಾತು ಖಾನನು 1237 ರಿಂದ ರಷ್ಯದ ಪಟ್ಟಣಗಳನ್ನು ಒಂದೊಂದಾಗಿ ಹಿಡಿದು, 1240 ರಲ್ಲಿ ಕೀವನ್ನು ಧ್ವಂಸಮಾಡಿ, 1241 ರಲ್ಲಿ ಹಂಗರಿಯ ದೊರೆಯನ್ನು ಸೋಲಿಸಿದ ಮೇಲೆ ವೋಲ್ಗಾ ತೀರದಲ್ಲಿ ನೆಲಸಿದನು. ಈ ರಾಜ್ಯವನ್ನೇ 'ಸುವರ್ಣ ಒರ್ದು' ಎಂದು ಕರೆಯುವುದು. ಅದು ಹದಿನಾರನೆಯ ಶತಮಾನದ ರಷ್ಯನ್ ಲೇಖಕರಿಂದ ಬಂದ ಹೆಸರು. ಆ ಜನರು ತಮ್ಮನ್ನು ಬಾತುವಿನ ತಂದೆಯ ಹೆಸರಿನಿಂದ ಜೋಚಿಯ ಉಲುಸ್, ಎಂದರೆ ಜೋಚಿಯ ಪ್ರಜಾಪರಿವಾರ, ಎಂದು ಕರೆದುಕೊಳ್ಳುತ್ತಿದ್ದರು. 1330 ರ ದಶಕದಲ್ಲಿ ಮೊರಾಕೋ ದೇಶದ ಯಾತ್ರಿಕನಾದ ಇಬ್ನ್ ಬತೂತನು ಅಲ್ಲಿಯ ಉಜ್ಬೆಕ್ ಖಾನನ ಒರ್ದುವನ್ನು ಕಂಡನು. ಮಸೀದಿಗಳೂ ಅಂಗಡಿಬೀದಿಗಳೂ ಸಹಿತವಾಗಿ ಒಂದು ದೊಡ್ಡ ನಗರವೇ ನಡೆದುಬರುತ್ತಿದ್ದಿತೆಂದೂ, ನಡೆಯುತ್ತಿರುವಾಗಲೇ ಅಡಿಗೆ ಮಾಡುತ್ತಿದ್ದುದರಿಂದ ಹೊಗೆಯು ಆಕಾಶಕ್ಕೆ ಏಳುತ್ತಿದ್ದಿತೆಂದೂ ಆತನು ಹೇಳಿದ್ದಾನೆ. ಹೆಂಗಸರಿಗೆ ಅಲ್ಲಿ ಸಲ್ಲುತ್ತಿದ್ದ ಮರ್ಯಾದೆಯೂ ಆತನಿಗೆ ಆಶ್ಚರ್ಯವನ್ನುಂಟುಮಾಡಿತು. ಆ ಬಯಲಿನ ಕುದುರೆಗಳು ಸಾವಿರಗಟ್ಟಲೆಯಾಗಿ ಹಿಂದೂಸ್ಥಾನಕ್ಕೆ ಮಾರಾಟವಾಗುತ್ತಿದ್ದುವೆಂಬುದೂ ಆತನ ಬರಹದಿಂದಲೇ ತಿಳಿಯುತ್ತದೆ. ಇದೇ ಯಾತ್ರಿಕನು ಮುಂದಿನ ದಶಕದಲ್ಲಿ ಕನ್ನಡ ಕರಾವಳಿಯ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳಿಗೂ ಪಾಠಶಾಲೆಗಳಿದ್ದುದನ್ನು ಕಂಡು ಮೆಚ್ಚಿ ಬರೆದನು.

ಉಜ್ಬೆಕನ ಕಾಲದಲ್ಲಿ ಸುವರ್ಣ ಒರ್ದುವಿಗೆ ಎರಡು ಕಾಲುಗಳಿದ್ದುವು: ಒಂದು ಹುಲ್ಲಿನಲ್ಲಿ, ಒಂದು ಪಟ್ಟಣದಲ್ಲಿ. ಸರಾಯ್ ಎಂಬ ರಾಜಧಾನಿಯ ಬಣ್ಣದ ಹೆಂಚುಗಳನ್ನೂ ಕುಂಬಾರರ ಆವಿಗೆಗಳನ್ನೂ ಭೂಮಿಯಿಂದ ಅಗೆದು ತೆಗೆದಿದ್ದಾರೆ. ಅದಕ್ಕೆ ಗಟ್ಟಿಯಾದ ಕೋಟೆಯಿಲ್ಲ, ಆದರೆ ಕಳೆದುಕೊಳ್ಳಲು ಸಂಪತ್ತು ವಿಶೇಷವಾಗಿದ್ದಿತು. 1346 ರ ಸುಮಾರಿಗೆ ಮಹಾಮಾರಿ ಬಂದಿತು. 1359 ರಿಂದ ಖಾನರು ಒಬ್ಬರನ್ನೊಬ್ಬರು ಕೊಂದು ಸಿಂಹಾಸನವನ್ನೇರತೊಡಗಿದರು. 1395 ರಲ್ಲಿ ತೈಮೂರನು ತೊಖ್ತಾಮಿಷ್ ಖಾನನನ್ನು ಸೋಲಿಸಿ ಸರಾಯನ್ನು ಸುಟ್ಟನು. ತೊನ್ಯುಕುಕನು ಸುಮಾರು ಆರುನೂರು ಎಂಬತ್ತು ವರ್ಷಗಳ ಹಿಂದೆ ಹೇಳಿದ ಭವಿಷ್ಯವು ಹೀಗೆ ವೋಲ್ಗಾ ತೀರದಲ್ಲಿ ಫಲಿಸಿತು. ಉಳಿದ ಚೂರುಗಳಲ್ಲಿ ದೊಡ್ಡದಾದ 'ಮಹಾ ಒರ್ದು'ವನ್ನು 1502 ರಲ್ಲಿ ಕ್ರಿಮಿಯದ ಖಾನನು ಅಳಿಸಿದನು. ಅವನೂ ಚೆಂಗಿಸನ ವಂಶದವನೇ.

ಆದರೆ ಒರ್ದುವಿನ ಇನ್ನೊಂದು ಕವಲು ದಕ್ಷಿಣಕ್ಕೆ ಹರಿದಿದ್ದಿತು. ತಂದೆಯ ಕಡೆಯಿಂದ ತೈಮೂರನಿಗೂ ತಾಯಿಯ ಕಡೆಯಿಂದ ಚೆಂಗಿಸನಿಗೂ ವಂಶಜನಾದ ಬಾಬರನು 1526 ರಲ್ಲಿ ದಿಲ್ಲಿಯನ್ನು ಗೆದ್ದನು. ಅವನ ಮೊಮ್ಮಗ ಅಕ್ಬರನ ಪಾಳೆಯವು ಎಲ್ಲಿ ಇಳಿದರೂ ಒಂದೇ ವಿನ್ಯಾಸದಲ್ಲಿ ಇಳಿಯುತ್ತಿದ್ದುದನ್ನು ಅಬುಲ್ ಫಜಲನು ವಿವರಿಸಿದ್ದಾನೆ. ಔರಂಗಜೇಬನು ತನ್ನ ಕೊನೆಯ ಇಪ್ಪತ್ತೈದು ವರ್ಷಗಳನ್ನು ದಕ್ಷಿಣದ ಪಾಳೆಯಗಳಲ್ಲಿ ಕಳೆದನು. 1695 ರಲ್ಲಿ ಆ ಪಾಳೆಯವು ಕೃಷ್ಣಾತೀರದ ಗಲಗಲಿಯಲ್ಲಿ ಇಳಿದಿದ್ದಾಗ ಜೆಮೆಲ್ಲಿ ಕರೇರಿಯೆಂಬ ಇಟಲಿಯ ಪ್ರವಾಸಿಯು ಅದನ್ನು ನೋಡಿ, ಇದು ಚಲಿಸುವ ನಗರವೆಂದು ಬೆರಗಾದನು. ಓರ್ಖೋನಿನ ಒರ್ದು ಹೀಗೆ ಬಾಗಲಕೋಟೆಯ ಜೋಳದ ಹೊಲಗಳವರೆಗೆ ಬಂದಿತು. ಆದರೆ ಇದು ಹಳೆಯ ಒರ್ದುವಲ್ಲ. ಬಾತುವಿನ ಒರ್ದು ತನ್ನ ಆಹಾರವನ್ನು ತನ್ನ ಹಿಂಡುಗಳ ಕಾಲಮೇಲೆ ನಡೆಸಿಕೊಂಡು ಬರುತ್ತಿದ್ದಿತು. ಔರಂಗಜೇಬನ ಪಾಳೆಯಕ್ಕೆ ರೈತನ ಧಾನ್ಯವೇ ಗತಿ. ಅದನ್ನು ವಣಜಾರರು ಎತ್ತುಗಳ ಮೇಲೆ ಹೇರಿ ತಂದರೆ ಊಟ. ಹುಲ್ಲಿನ ನಾಡಿಗಾಗಿ ಹುಟ್ಟಿದ ರಾಜಧಾನಿಯು ಹೊಲದ ನಾಡಿನಲ್ಲಿ ನಡೆದರೆ ಅದರ ಭಾರವೆಲ್ಲ ನೇಗಿಲಿನ ಮೇಲೆ ಬೀಳುವುದು.

ಚಕ್ರವರ್ತಿಯು 1707 ರಲ್ಲಿ ಅಹಮದ್ನಗರದ ಪಾಳೆಯದಲ್ಲಿಯೇ ತೀರಿಕೊಂಡನು. 'ಉರ್ದೂ-ಎ-ಮುಅಲ್ಲಾ', ಎಂದರೆ ಮಹೋನ್ನತ ಪಾಳೆಯ, ಎಂಬ ಗೌರವದ ಹೆಸರು ದಿಲ್ಲಿಯ ರಾಜನಗರಕ್ಕೆ ಸಂದು, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಯ ಭಾಷೆಗೆ ಉರ್ದು ಎಂಬ ಹೆಸರು ನಿಂತಿತು. ಕಲಬುರಗಿ ಬಿಜಾಪುರಗಳಲ್ಲಿ ದಖ್ಖನಿಯೆಂಬ ಅದರ ಸೋದರಭಾಷೆಯು ಅದಕ್ಕೆ ಬಹು ಮೊದಲೇ ಗ್ರಂಥಸ್ಥವಾಗಿದ್ದಿತು. ಕೂಲ್ ತೆಗಿನನು ಕುದುರೆಯೇರಿ ಕಾಪಾಡಿದ ಶಬ್ದವು ಕವಿಗಳ ಕೈಸೇರಿತು.

ಒಂದು ಜನವನ್ನು ಅದರ ಶತ್ರುಗಳು ಇಟ್ಟ ಹೆಸರಿನಿಂದ ಅಳೆಯುವುದು ಸುಲಭ. ಮಂಗೋಲರ ವಿಷಯದಲ್ಲಿ ಬರೆದವರಲ್ಲಿ ಬಹುಮಂದಿ ಸೋತವರು, ಇಲ್ಲವೆ ಅವರ ಸೇವೆಯಲ್ಲಿದ್ದ ಪರದೇಶೀಯರು. ಅವರದೇ ಆದ ಗೋಪ್ಯ ಚರಿತ್ರೆಯೂ ಚೀನೀ ಅಕ್ಷರಗಳಲ್ಲಿ ಬರೆದಿಟ್ಟುದರಿಂದಲೇ ಪೂರ್ಣವಾಗಿ ಉಳಿಯಿತು. ಆದುದರಿಂದ ಓದುವವನು ಎರಡು ಕಡೆಯಲ್ಲಿಯೂ ಎಚ್ಚರವಾಗಿರಬೇಕು. ದಕ್ಷಿಣಕ್ಕೆ ಬಾಗಿಲಿಟ್ಟು ಸಾಲಾಗಿ ಇಳಿದ ಆ ಬಂಡಿಗಳನ್ನು ಕಂಡು ಇವರು ಜಂಗುಳಿಯಲ್ಲವೆಂದು ಒಪ್ಪಬೇಕು. ಒಪ್ಪಿದ ಮೇಲೆ, ಮರ್ವದ ಬಯಲಿನ ಲೆಕ್ಕವನ್ನು ಅವರಿಂದಲೇ ಕೇಳಬೇಕು.